ದಿನಕ್ಕೆ ಒಂದೇ ಅಲ್ವಾ?

ನಮ್ಮ ಕಾಕಾ ಕಮಲಾಪುರದಲ್ಲಿ ಬಾಳೆ ಬೆಳೆಯುವವರು. ಅದೇ ಕೆಂಪು ಬಾಳೆ, ಜಿಐ ಟ್ಯಾಗ್ ಸಿಕ್ಕಿರೋದು. 52 ವರ್ಷ, ಹೊಟ್ಟೆ ಇಲ್ಲ, ಶುಗರ್ ಇಲ್ಲ. ಹೋದ ತಿಂಗಳು ನಾನು ಕಲಬುರಗಿಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಬೆಂಗಳೂರಿನ ಆಫೀಸಿನ ಮೀಟಿಂಗ್‌ನಲ್ಲಿದ್ದಾಗ ಕಾಕಿ ಫೋನು. "ನಿಮ್ಮ ಕಾಕಾಗ ಎದಿ ಹಿಡದಂಗ ಆಗ್ಲತ್ತದ. 108ದಾಗ ಕರ್ಕೊಂಡ್ ಬರ್ಲತ್ತೀವಿ, ನೀ ದವಾಖಾನಿಗೆ ಬಾ ತಮ್ಮಾ."

ಹೃದಯದ ರಕ್ತನಾಳ ಒಂದು ಮುಚ್ಚಿಕೊಂಡಿತ್ತು. ಸ್ಟೆಂಟ್ ಹಾಕಿದರು. ಮರುದಿನ ಡಾಕ್ಟರ್ ಫೈಲ್ ಹಿಡಿದು ಬಂದರು.

"ಬೀಡಿ, ಸಿಗರೇಟ್?"

"ಬಾಳ ಇಲ್ರಿ ಸರ್. ಊಟ ಆದ ಮ್ಯಾಲ ಒಂದ್ ಬೀಡಿ. ದಿನಕ್ಕ ಎರಡಂದ್ರ ಎರಡೇ."

"ಒಂದಾದ್ರೂ ಬಾಳೇ ಆಯ್ತು," ಅಂದರು ಡಾಕ್ಟರ್, ತಲೆ ಎತ್ತದೆ.

ಪಕ್ಕದಲ್ಲಿ ನಿಂತಿದ್ದ ನನ್ನ ಜೇಬಿನಲ್ಲಿ ಲೈಟರ್ ಇತ್ತು. ನನ್ನದೂ ಅದೇ ಉತ್ತರ: ದಿನಕ್ಕೆ ಒಂದೇ, ನಾಲ್ಕು ಗಂಟೆಯ ಚಹಾ ಜೊತೆ.

ಆ ರಾತ್ರಿ ವಾರ್ಡಿನ ಹೊರಗೆ ಕೂತು ಫೋನಿನಲ್ಲಿ ಹುಡುಕಿದೆ. ಇಂಜಿನಿಯರ್ ತಲೆ ನೋಡಿ, ನನ್ನ ಲೆಕ್ಕ ಸರಳವಾಗಿತ್ತು. 20 ಸೇದುವವನಿಗೆ ನೂರು ಪಾಲು ಅಪಾಯ ಇದ್ದರೆ, ಒಂದು ಸೇದುವವನಿಗೆ ಐದು ಪಾಲು. ಆದರೆ 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 141 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ ಬಂದಿದೆ. ಹೃದ್ರೋಗದ ಮಟ್ಟಿಗೆ, ದಿನಕ್ಕೆ ಒಂದೇ ಸೇದುವವನಿಗೆ 20 ಸೇದುವವನ ಹೆಚ್ಚುವರಿ ಅಪಾಯದ ಸುಮಾರು ಅರ್ಧ! ಐದಲ್ಲ, ಐವತ್ತರ ಹತ್ತಿರ. ರಕ್ತ ಅಂಟಂಟಾಗಿ ಹೆಪ್ಪುಗಟ್ಟುವುದಕ್ಕೆ, ರಕ್ತನಾಳದ ಒಳಪದರ ಕೆಡುವುದಕ್ಕೆ ಸ್ವಲ್ಪ ಹೊಗೆಯೇ ಸಾಕಂತೆ. ಹತ್ತರಿಂದ ಒಂದಕ್ಕೆ ಇಳಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಭಯ ಬಹಳ ಕಡಿಮೆಯಾಗುತ್ತದೆ, ನಿಜ. ಹೃದಯ ಮಾತ್ರ ಆ ರಿಯಾಯಿತಿ ಕೊಡುವುದಿಲ್ಲ.

ಈ 'ಒಂದೇ' ಅನ್ನೋದನ್ನ ಸುಲಭ ಮಾಡಿದ್ದೇ ಬಿಡಿ ಸಿಗರೇಟು. ಕರ್ನಾಟಕದ ತಿದ್ದುಪಡಿ ಕಾನೂನಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಬಿಡಿಯಾಗಿ ಮಾರುವಂತಿಲ್ಲ, 21 ವರ್ಷದೊಳಗಿನವರಿಗೆ ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ 1000 ರೂಪಾಯಿವರೆಗೆ ದಂಡ. ನಮ್ಮ ಓಣಿಯ ಪಾನ್ ಶಾಪ್‌ನಲ್ಲಿ ನನಗೆ ಯಾರೂ ಪೂರ್ತಿ ಪ್ಯಾಕ್ ಕೊಳ್ಳು ಅಂದಿಲ್ಲ. ನಾನೂ ಕಾನೂನು ನೆನಪಿಸಿಲ್ಲ ಬಿಡಿ.

ಅದೇ ಅಂಗಡಿಯಲ್ಲಿ ಸಿಗರೇಟಿನ ಜೊತೆ ಕುರುಕಲು ಪ್ಯಾಕೆಟ್ ಕೂಡ ಒಂದೇ. ಮೊದಲ ಸಲ ಅದನ್ನ ತಿರುಗಿಸಿ ಓದಿದೆ. 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. ನನ್ನ 50 ಗ್ರಾಂ ಪ್ಯಾಕೆಟ್‌ನಲ್ಲಿ ಒಂದು ಗ್ರಾಂ ಉಪ್ಪು ಬಂತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಮನೆಯ ಪಲ್ಯ, ಹಿಂಡಿ, ಉಪ್ಪಿನಕಾಯಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಮತ್ತೆ ಅದು ಒಂದಕ್ಕೆ ನಿಲ್ಲೋದೂ ಇಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯವರು 20 ಜನರನ್ನು ನಾಲ್ಕು ವಾರ ಒಳಗೇ ಇಟ್ಟುಕೊಂಡು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಕೊಟ್ಟರು. ಎರಡು ವಾರ ಕಾರ್ಖಾನೆ ತಿನಿಸು, ಎರಡು ವಾರ ತಾಜಾ ಅಡುಗೆ. ಮುಂದಿಟ್ಟ ಕ್ಯಾಲರಿ, ಸಕ್ಕರೆ, ಕೊಬ್ಬು ಎರಡರಲ್ಲೂ ಸಮ. ಬೇಕಾದಷ್ಟು ತಿನ್ನಿ ಅಂದರು. ಕಾರ್ಖಾನೆ ತಿನಿಸಿನ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು. ತಿನ್ನುವ ವೇಗವೂ ಹೆಚ್ಚಿತ್ತು. ಜೋಳದ ರೊಟ್ಟಿ ಅಗಿದು ತಿನ್ನೋಕೆ ಹೊತ್ತು ಬೇಕು. ಪ್ಯಾಕೆಟ್ ಒಂದು ಕೋಡ್ ರಿವ್ಯೂ ಮುಗಿಯೋದ್ರೊಳಗೆ ಖಾಲಿ.

ಪ್ಯಾಕೆಟ್ ಇನ್ನೂ ಪೂರ್ತಿ ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ. ಮೇಜಿನ ಮೇಲೆ ಕಾಕಿ ಕಳಿಸಿದ ಕೆಂಪು ಬಾಳೆ ಇದ್ದ ದಿನ ಅಂಗಡಿ ಕಡೆ ಹೋಗಲ್ಲ, ಅಷ್ಟೇ. ಸಿಗರೇಟಿಗಾಗಿ 1800-11-2356ಕ್ಕೆ ಫೋನ್ ಮಾಡಿದೆ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಬಿಟ್ಟು ಒಂದು ವರ್ಷವಾದರೆ ಹೃದ್ರೋಗದ ಅಪಾಯ ಸೇದುವವರಿಗಿಂತ ಸುಮಾರು ಅರ್ಧಕ್ಕೆ ಇಳಿಯುತ್ತದಂತೆ.

ಕಾಕಾ ಈಗ ಮನೆಯಲ್ಲಿದ್ದಾರೆ. ಮೊನ್ನೆ ಅವರೇ ಫೋನ್ ಮಾಡಿದರು. ನನ್ನ ಲೈಟರ್ ಅವರಿಗೆ ಅವತ್ತೇ ಕಂಡಿತ್ತಂತೆ.

"ಬಿಟ್ಟೇನೋ?"

"ಬಿಟ್ಟೀನಿ ಕಾಕಾ. ನಡುವ ಹೋದ್ ವಾರ ರಿಲೀಸ್ ಇತ್ತು, ಅವತ್ತ್ ಒಂದೇ..."

"ಒಂದೇ?"

ಮತ್ತೆ ಮೊದಲಿಂದ ಎಣಿಸಲಿಕ್ಕೆ ಹೇಳಿದರು. ಇವತ್ತು ಆರನೇ ದಿನ. ಕಾಕಾಂದು 31.