ಕಹಿಯನ್ನು ಸಾಕಿಕೊಂಡ ಸಭೆಗಳಿಗೆ

ಸಾವಿನ ಮನೆಯಲ್ಲಿ ನಾವು ಕ್ರೈಸ್ತರು ಮೊದಲ ಮೂರು ದಿನ ಬಹಳ ಚೆನ್ನಾಗಿ ನಡೆದುಕೊಳ್ಳುತ್ತೇವೆ. ಪೆಟ್ಟಿಗೆ, ಹೂವು, ಕೀರ್ತನೆ, ಸಮಾಧಿಗೆ ಹಾಕುವ ಹಿಡಿಮಣ್ಣು, ಬಂದವರಿಗೆ ಚಹಾ, ದೂರದ ನೆಂಟರಿಗೆ ಮಲಗಲು ಜಾಗ, ಯಾವುದರಲ್ಲೂ ಲೋಪವಿರುವುದಿಲ್ಲ. ಪ್ರೊಟೆಸ್ಟೆಂಟರಲ್ಲಿ ಕೃತಜ್ಞತಾ ಕೂಟ, ಕಥೋಲಿಕರಲ್ಲಿ ತಿಂಗಳ ಪೂಜೆ ಮುಗಿಯುವವರೆಗೂ ಆ ಮನೆಗೆ ಜನ ಬರುತ್ತಲೇ ಇರುತ್ತಾರೆ. ಅದಾದ ಮೇಲೆ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತವೆ. ಕಳಕೊಂಡವರು ಲೆಕ್ಕ ಹಿಡಿಯುತ್ತಾರೆ: ಯಾರು ಬಂದರು, ಯಾರು ಬರಲಿಲ್ಲ, ಯಾರು ಬಂದೂ ಸಮಾಧಿಯವರೆಗೆ ನಡೆಯಲಿಲ್ಲ, ಆಸ್ಪತ್ರೆಯಲ್ಲಿದ್ದಾಗ ಯಾರು ಒಂದು ಫೋನು ಕೂಡ ಮಾಡಲಿಲ್ಲ. ಸಭೆಯವರು ಮರೆಯುತ್ತಾರೆ. ಅವರ ಕಹಿಗೆ ಇವರ ಮರೆವು ಕಾರಣ ಒದಗಿಸುತ್ತದೆ, ಇವರ ಮರೆವಿಗೆ ಅವರ ಕಹಿ ನೆಪವಾಗುತ್ತದೆ. ಈ ಎರಡನ್ನೂ ಪಾಪವೆಂದು ಕರೆಯಲು ನಮ್ಮ ಪ್ರಸಂಗಪೀಠಗಳಿಗೆ ಬಾಯಿ ಬರುತ್ತಿಲ್ಲ. ನಾನು ಕರೆಯುತ್ತೇನೆ.

ತಂದೆಯ ಶವಸಂಸ್ಕಾರಕ್ಕೆ ಬರಲಿಲ್ಲವೆಂದು ವರ್ಷಗಟ್ಟಲೆ ತಮ್ಮನ ಮನೆಯ ಹೊಸ್ತಿಲು ತುಳಿಯದ ಅಣ್ಣಂದಿರು ಇಲ್ಲದ ಸಭೆ ಯಾವುದಿದೆ? ಒಂದೇ ಆರಾಧನೆಗೆ ಬರುತ್ತಾರೆ, ಒಂದೇ ಮೇಜಿನ ಮುಂದೆ ಮೊಣಕಾಲೂರಿ ಪ್ರಭುಭೋಜನ ತೆಗೆದುಕೊಳ್ಳುತ್ತಾರೆ, ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಮುಖ ತಿರುಗಿಸಿ ಹೋಗುತ್ತಾರೆ. ಅಯ್ಯನವರಿಗೆ ಗೊತ್ತು, ಸಭೆಯ ಹಿರಿಯರಿಗೆ ಗೊತ್ತು, ಭಾನುವಾರದ ಶಾಲೆಯ ಮಕ್ಕಳಿಗೂ ಗೊತ್ತು. ‘ಅವರಿಗೆ ನೋವಾಗಿದೆ, ಬಿಡಿ’ ಎಂದು ಎಲ್ಲರೂ ಬಿಟ್ಟಿದ್ದಾರೆ. ಕಹಿಯನ್ನು ಉಪ್ಪಿನಕಾಯಿಯ ಹಾಗೆ ಭರಣಿಗೆ ಹಾಕಿ ಬಾಯಿ ಕಟ್ಟಿಟ್ಟುಕೊಂಡು, ಮದುವೆಗೆ, ಮನೆ ಒಕ್ಕಲಿಗೆ, ಆಸ್ತಿ ಪಾಲಿಗೆ ಕೂತಾಗಲೆಲ್ಲ ತೆಗೆದು ಬಡಿಸುವುದನ್ನು ದುಃಖಪಟ್ಟವರ ಹಕ್ಕೆಂದು ಒಪ್ಪಿಕೊಂಡುಬಿಟ್ಟಿದ್ದೇವೆ.

ಅಳುವವರನ್ನು ನಾನು ಬೈಯುತ್ತಿಲ್ಲ. ಲಾಜರನ ಸಮಾಧಿಯ ಮುಂದೆ ಯೇಸುವೇ ಅತ್ತರು, ಅದೂ ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸಲಿದ್ದೇನೆಂದು ತಿಳಿದಿದ್ದೂ ಅತ್ತರು. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಯಲ್ಲಿ ಒಂದು ಸಮಾಧಾನದ ಸಾಲನ್ನು ಜೋಡಿಸಬೇಕೆಂದು ಅದನ್ನು ಬರೆದವನಿಗೂ ಅನಿಸಲಿಲ್ಲ, ಅದನ್ನು ಕಾಪಾಡಿಕೊಂಡು ಬಂದವರಿಗೂ ಅನಿಸಲಿಲ್ಲ. ದೇವರ ಮುಂದೆ ಕೂಗಾಡುವುದು ನಂಬಿಕೆಯ ಮಾತೇ, ಏಕೆಂದರೆ ಕೇಳುವವನಿದ್ದಾನೆ ಎಂದು ಗೊತ್ತಿದ್ದವನು ಮಾತ್ರ ಹಾಗೆ ಕೂಗುತ್ತಾನೆ. ಕಹಿ ಬೇರೆ. ಅದು ಕೂಗುವುದಿಲ್ಲ, ಒಳಗೆ ಕೂತು ಪಕ್ಕದಲ್ಲಿರುವವರನ್ನು ಒಬ್ಬೊಬ್ಬರನ್ನಾಗಿ ಅಳಿಸಿಹಾಕುತ್ತದೆ.

ಇದನ್ನು ನೋಡಬೇಕಾದರೆ ರೂತಳ ಪುಸ್ತಕ ತೆಗೆಯಿರಿ. ನಾಲ್ಕೇ ಅಧ್ಯಾಯ. ಬೇತ್ಲೆಹೇಮಿನಲ್ಲಿ ಬರ ಬಿದ್ದು ಎಲೀಮೆಲೆಕನ ಕುಟುಂಬ ಮೋವಾಬಿಗೆ ಗುಳೆ ಹೋಗುತ್ತದೆ. ಅಲ್ಲಿ ಅವನು ಸಾಯುತ್ತಾನೆ. ಇಬ್ಬರು ಗಂಡುಮಕ್ಕಳು ಮೋವಾಬಿನ ಹೆಣ್ಣುಗಳನ್ನು ಮದುವೆಯಾಗುತ್ತಾರೆ, ಸುಮಾರು ಹತ್ತು ವರ್ಷದ ಹೊತ್ತಿಗೆ ಅವರೂ ಸಾಯುತ್ತಾರೆ. ಉಳಿದವರು ಮೂವರು ಹೆಂಗಸರು, ಮೂವರೂ ಗಂಡ ಸತ್ತವರು. ಊರಿಗೆ ಹೊರಟ ದಾರಿಯಲ್ಲಿ ಅತ್ತೆ ನೊವೊಮಿ ಸೊಸೆಯರಿಗೆ ತವರಿಗೆ ತಿರುಗಿ ಹೋಗಿರೆಂದು ಹೇಳುತ್ತಾಳೆ. ಒರ್ಫಾ ಅತ್ತು, ಮುತ್ತಿಟ್ಟು ಹೋಗುತ್ತಾಳೆ. ಅವಳನ್ನು ಹೀಯಾಳಿಸುವ ಪ್ರಸಂಗಗಳನ್ನು ಬೇಕಾದಷ್ಟು ಕೇಳಿದ್ದೇನೆ, ಆದರೆ ಪುಸ್ತಕ ಅವಳನ್ನು ಒಂದು ಮಾತೂ ಆಡುವುದಿಲ್ಲ. ರೂತಳು ಮಾತ್ರ ಬಿಡುವುದಿಲ್ಲ. ಅತ್ತೆಯ ದಾರಿ, ಅತ್ತೆಯ ಮನೆ, ಅತ್ತೆಯ ಜನ, ಅತ್ತೆಯ ದೇವರು, ಅತ್ತೆಯ ಸಮಾಧಿಯ ಮಣ್ಣು, ಎಲ್ಲವೂ ತನ್ನದೆಂದು ನಿಲ್ಲುತ್ತಾಳೆ. ಗಂಡಿನ ಮನೆಗೆ ಬರುವ ಹೆಣ್ಣಿಗೆ ಬುದ್ಧಿ ಹೇಳಲು ಇದೇ ಮಾತನ್ನು ಮದುವೆಗಳಲ್ಲಿ ಓದುತ್ತೇವೆ. ಆಡಿದವಳು ಗಂಡನನ್ನು ಹೂತು ಬಂದವಳು, ಕೇಳಿಸಿಕೊಂಡವಳು ಅವನ ತಾಯಿ ಎಂಬುದನ್ನು ಯಾರೂ ಎತ್ತುವುದಿಲ್ಲ.

ಇಬ್ಬರೂ ಬೇತ್ಲೆಹೇಮ್ ತಲುಪುತ್ತಾರೆ. ಊರಿಗೆ ಊರೇ ಗುಜುಗುಜು. ನೊವೊಮಿ ಊರ ಹೆಂಗಸರ ಮುಂದೆ ನಿಂತು, ತುಂಬಿದವಳಾಗಿ ಹೋದ ನನ್ನನ್ನು ದೇವರು ಬರಿಗೈಯಲ್ಲಿ ತಂದರೆಂದು ದೂರುತ್ತಾಳೆ. ದೇವರ ಮೇಲಿನ ಆ ದೂರಿಗಾಗಿ ಪುಸ್ತಕ ಅವಳನ್ನು ಗದರುವುದಿಲ್ಲ. ಆದರೆ ಅವಳು ಬರಿಗೈ ಎನ್ನುವಾಗ ಪಕ್ಕದಲ್ಲಿ ನಿಂತಿರುವುದು ಯಾರು? ನಾಡು ಬಿಟ್ಟು, ತಾಯಿಯನ್ನು ಬಿಟ್ಟು, ಇನ್ನೊಂದು ಮದುವೆಯ ಆಸೆಯನ್ನೂ ಬಿಟ್ಟು ಅಷ್ಟು ದೂರ ನಡೆದು ಬಂದ ಸೊಸೆ. ಅವಳ ಹೆಸರನ್ನು ನೊವೊಮಿ ಎತ್ತುವುದಿಲ್ಲ, ಊರ ಹೆಂಗಸರು ಇವಳ್ಯಾರು ಎಂದು ಕೇಳುವುದೂ ಇಲ್ಲ. ಕಳಕೊಂಡ ಮೂವರು ಕಣ್ಣು ತುಂಬಿರುವಾಗ ಉಳಿದ ಒಬ್ಬಳು ಕಾಣದೆ ಹೋಗುವುದು ಮೊದಲ ದಿನಗಳಲ್ಲಿ ಕ್ಷಮಿಸಬಹುದಾದ ಕುರುಡು. ಅದನ್ನೇ ಹತ್ತು ವರ್ಷ ಸಾಕಿದರೆ ಅನ್ಯಾಯ.

ನಮ್ಮ ಮನೆಗಳಲ್ಲಿ ಅದು ಅನ್ಯಾಯವಾಗಿಯೇ ಬೆಳೆದಿದೆ. ಮಗ ಸತ್ತರೆ ಸೊಸೆಯ ಕಾಲ್ಗುಣ ಸರಿಯಿಲ್ಲ ಎನ್ನುವ ಮಾತು ಬೇರೆಯವರ ಮನೆಯದೆಂದು ನಮ್ಮವರು ಜಂಬಪಡುತ್ತಾರೆ. ಬೈಬಲ್ ಇರುವ ಮನೆಯಲ್ಲಿ, ಕುಟುಂಬ ಪ್ರಾರ್ಥನೆ ತಪ್ಪದ ಮನೆಯಲ್ಲಿ, ಅದೇ ಮಾತು ಅಡುಗೆಮನೆಯಲ್ಲಿ ಪಿಸುಗುಟ್ಟುತ್ತದೆ. ವರ್ಷ ತುಂಬುವ ಮೊದಲೇ ಅವಳು ತವರಿನಲ್ಲಿರುತ್ತಾಳೆ. ವಿಮೆಯ ಹಣದ ಬಗ್ಗೆ ಕಚ್ಚಾಟ, ಪಿ.ಎಫ್. ನಾಮಿನಿ ಯಾರೆಂಬ ಬಗ್ಗೆ ಕಚ್ಚಾಟ. ಮರಣಶಾಸನ ಬರೆಯದೆ ಸತ್ತ ಕ್ರೈಸ್ತನ ಆಸ್ತಿಯಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹೆಂಡತಿಗೆ ಪಾಲು ಗೊತ್ತುಮಾಡಿದೆ: ಮಕ್ಕಳಿದ್ದರೆ ಮೂರರಲ್ಲೊಂದು, ಮಕ್ಕಳಿಲ್ಲದೆ ಗಂಡನ ಕಡೆಯ ರಕ್ತಸಂಬಂಧಿಗಳಿದ್ದರೆ ಅರ್ಧ. ಸುಮಾರು ನೂರು ವರ್ಷದಿಂದ ಈ ಕಾನೂನಿದೆ. ಆದರೂ ಅಣ್ಣತಮ್ಮಂದಿರು ಮನೆಯಲ್ಲೇ ಕೂತು ಎಲ್ಲವನ್ನೂ ತಮ್ಮೊಳಗೆ ಹಂಚಿಕೊಂಡು, ‘ನಮ್ಮ ತಮ್ಮನೇ ಹೋದ ಮೇಲೆ ಅವಳಿಗೇನು’ ಎನ್ನುತ್ತಾರೆ. ಇದನ್ನು ಆಡಿಸುವುದು ಲೋಭ. ದುಃಖ ಅದಕ್ಕೆ ಹೊದಿಕೆಯಾಗಿದೆ, ಅಷ್ಟೆ.

ಇನ್ನು ಸಭೆಯ ಸರದಿ. ಸಾಂತ್ವನ ಹೇಳಲು ಹೋದ ನಾವು ಹೊಸ್ತಿಲು ದಾಟುವ ಮೊದಲೇ ‘ಎಲ್ಲಾ ದೇವರ ಚಿತ್ತ’ ಎನ್ನುತ್ತೇವೆ. ಕೊಟ್ಟವನೂ ತೆಗೆದುಕೊಂಡವನೂ ದೇವರೇ ಎಂಬ ಯೋಬನ ಮಾತನ್ನು ತಿರುಗಾಮುರುಗಾ ಹೇಳುತ್ತೇವೆ. ಯೋಬ ಅದನ್ನು ಹೇಳಿದ್ದು ಹತ್ತು ಮಕ್ಕಳನ್ನು ಕಳಕೊಂಡು ನೆಲಕ್ಕೆ ಬಿದ್ದು, ತನ್ನ ಸ್ವಂತ ಬಾಯಲ್ಲಿ. ಅದನ್ನು ಅವನಿಗೆ ಹೇಳಿಕೊಡಲು ಯಾರೂ ಬಂದಿರಲಿಲ್ಲ. ಬಂದ ಮೂವರು ಗೆಳೆಯರು ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕೂತರು. ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆದರು, ದೇವರ ಪರವಾಗಿ ಅಧ್ಯಾಯಗಟ್ಟಲೆ ವಾದಿಸಿದರು, ಕೊನೆಗೆ ದೇವರ ಸಿಟ್ಟಿಗೆ ಗುರಿಯಾದವರೂ ಅವರೇ. ಇದನ್ನು ಓದಿದ ಮೇಲೂ ನಾವು ಎದುರಿನವರ ಕಣ್ಣೀರು ನಿಲ್ಲಲೆಂದು ವಚನ ಹೇಳುತ್ತೇವೆ. ಅದು ನಿಂತರೆ ನಾವು ಎದ್ದು ಮನೆಗೆ ಹೋಗಬಹುದು.

ಇದರ ಜೊತೆಗೆ ಇನ್ನೊಂದು ಸುಲಭದ ಚಾಳಿ. ದೊಡ್ಡ ನಂಬಿಕೆಯ ಉದಾಹರಣೆಗಳನ್ನು ಹೊಗಳಿ, ಹೊಗಳಿದ್ದರಿಂದಲೇ ನಮಗೂ ಅದರಲ್ಲಿ ಪಾಲು ಬಂತೆಂದು ತೃಪ್ತಿಪಡುವುದು. ಗ್ಲಾಡಿಸ್ ಸ್ಟೇನ್ಸ್ ಅವರ ಚಿತ್ರ ಜನವರಿ ಬಂದಾಗಲೆಲ್ಲ ವಾಟ್ಸಾಪಿನಲ್ಲಿ ಸುತ್ತುತ್ತದೆ. 1999ರ ಜನವರಿ 22ರ ರಾತ್ರಿ ಒಡಿಶಾದ ಕಿಯೋಂಝರ್ ಜಿಲ್ಲೆಯ ಮನೋಹರಪುರದಲ್ಲಿ ವಾಹನದೊಳಗೆ ಮಲಗಿದ್ದ ಅವರ ಗಂಡ ಗ್ರಹಾಂ, ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ, ಮೂವರನ್ನೂ ಗುಂಪೊಂದು ಸುಟ್ಟು ಕೊಂದಿತು. ಗ್ರಹಾಂ 1965ರಿಂದ ಬಾರಿಪದಾದಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡುತ್ತಿದ್ದವರು. ಗ್ಲಾಡಿಸ್ ಅವರು ಕ್ಷಮಿಸಿದೆನೆಂದು ಹೇಳಿದ್ದು ನಮಗೆಲ್ಲ ಬಾಯಿಪಾಠ. ಆ ಮಾತಿನ ಆಚೆ ನಡೆದದ್ದು ಎಷ್ಟು ಜನರಿಗೆ ಗೊತ್ತು? ಈ ಕೊಲೆಗಳ ವಿಚಾರಣೆ ನಡೆಸಿದ ವಾಧ್ವಾ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ, ಗಂಡನನ್ನು ಯಾಕೆ ಕೊಂದರು, ಅಷ್ಟು ಕ್ರೂರವಾಗಿ ನಡೆದುಕೊಳ್ಳುವಂತೆ ಕೊಂದವರನ್ನು ಪ್ರೇರಿಸಿದ್ದು ಏನು ಎಂದು ತಾನು ಕೆಲವೊಮ್ಮೆ ಯೋಚಿಸುವುದುಂಟೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಶಿಕ್ಷೆ ಕೊಡಿಸುವ ಯೋಚನೆ ತನಗಿಲ್ಲ, ಅವರು ಪಶ್ಚಾತ್ತಾಪಪಟ್ಟು ತಿದ್ದಿಕೊಳ್ಳಲಿ ಎಂದೂ ಹೇಳಿದ್ದಾರೆ. ಕಾನೂನು ತನ್ನ ದಾರಿಯಲ್ಲಿ ನಡೆಯಿತು, ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕ್ಷಮೆಗೂ ನ್ಯಾಯಾಲಯಕ್ಕೂ ಜಗಳ ಬೀಳಲಿಲ್ಲ.

ನನಗೆ ದೊಡ್ಡದಾಗಿ ಕಾಣುವುದು ಅದಾದ ಮೇಲಿನ ವರ್ಷಗಳು. ಅವರು ಮಗಳು ಎಸ್ತರಳೊಂದಿಗೆ ಬಾರಿಪದಾದಲ್ಲೇ ಉಳಿದರು. ಸಾವಿನ ಮರುವಾರ ವಿಮಾನ ಹತ್ತಿ ಆಸ್ಟ್ರೇಲಿಯಾಕ್ಕೆ ಹೋಗಿದ್ದರೆ ಯಾರೂ ಒಂದು ಮಾತೂ ಆಡುತ್ತಿರಲಿಲ್ಲ. 2004ರವರೆಗೆ ಇದ್ದರು, ಕುಷ್ಠರೋಗಿಗಳ ಆಶ್ರಮವನ್ನು ನಡೆಸಿದರು, ಗಂಡನ ಹೆಸರಿನಲ್ಲಿ ಆಸ್ಪತ್ರೆ ಎದ್ದಿತು. ಆ ಐದು ವರ್ಷದ ದಿನನಿತ್ಯವನ್ನು ಯೋಚಿಸಿ: ಬೆರಳು ಸವೆದ ಕೈಗಳಿಗೆ ಪಟ್ಟಿ ಕಟ್ಟಬೇಕು, ಅಕ್ಕಿ ಔಷಧಿಯ ಲೆಕ್ಕ ಇಡಬೇಕು, ಮಗಳ ಓದು ನೋಡಬೇಕು, ಕೋರ್ಟಿನ ಸುದ್ದಿ ಬಂದಾಗಲೆಲ್ಲ ಅದೇ ರಾತ್ರಿಯನ್ನು ಮತ್ತೆ ಎದುರಿಸಬೇಕು. ಕ್ಷಮಿಸಿದೆನೆಂಬ ಮಾತಿಗೆ ಬೆಲೆ ಬಂದದ್ದು ಆ ಕೆಲಸದಿಂದ. ಅವರ ಚಿತ್ರ ಕಳಿಸಿ ಕೆಳಗೆ ಮೂರು ಕೈಮುಗಿದ ಗುರುತು ಹಾಕುವವರೇ, ನಿಮ್ಮ ಮನೆಯಲ್ಲಿ ಸುಟ್ಟದ್ದು ಏನು? ಶವಯಾತ್ರೆಗೆ ತಡವಾಗಿ ಬಂದ ಒಬ್ಬ ಮೈದುನ. ಅವನ ಫೋನು ಎತ್ತಲು ನಿಮಗಿನ್ನೂ ಕೈ ಏಳುತ್ತಿಲ್ಲ.

ರೂತಳ ನಿಷ್ಠೆಯೂ ಹೀಗೆ ಕೈಯ ಕೆಲಸವಾಗಿಯೇ ಕಾಣುತ್ತದೆ. ದಾರಿಯಲ್ಲಿ ಆಡಿದ ದೊಡ್ಡ ಮಾತನ್ನು ಅವಳು ಮತ್ತೆ ಎತ್ತುವುದೇ ಇಲ್ಲ. ಊರಿಗೆ ಬಂದಾಗ ಜವೆಗೋಧಿಯ ಸುಗ್ಗಿ, ಅವಳು ಹಕ್ಕಲಾಯಲು ಹೊಲಕ್ಕೆ ಹೊರಡುತ್ತಾಳೆ. ಧಾರವಾಡ, ಗದಗದ ಕಡೆ ಶೇಂಗಾ ಕಿತ್ತ ಮೇಲೆ ಹಕ್ಕಲು ಆಯುವ ಹೆಂಗಸರನ್ನು ಕಂಡವರಿಗೆ ಆ ಕೆಲಸ ಏನೆಂದು ಗೊತ್ತು: ಬಗ್ಗಿದ ಸೊಂಟ, ಮುಳ್ಳು ಚುಚ್ಚಿದ ಬೆರಳು, ಹೊಲದವನು ಯಾವಾಗ ಗದರುತ್ತಾನೋ ಎಂಬ ಅಳುಕು. ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಹಕ್ಕಲು ಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರ ಹೇಳಿತ್ತು ನಿಜ. ಅದೇ ಶಾಸ್ತ್ರದಲ್ಲಿ ಮೋವಾಬ್ಯರನ್ನು ಸಭೆಗೆ ಸೇರಿಸಬಾರದೆಂಬ ಮಾತೂ ಇತ್ತು. ಎರಡರ ನಡುವೆ ಅವಳು ಬಗ್ಗಿ ಆಯ್ದಳು. ಎಲೀಮೆಲೆಕನ ನೆಂಟನಾದ ಬೋವಜನ ಹೊಲದಲ್ಲಿ ಸಂಜೆಯವರೆಗೆ ಆಯ್ದು, ಬಡಿದಾಗ ಸಿಕ್ಕಿದ್ದು ಒಂದು ಏಫ ಕಾಳು, ಸುಮಾರು 20 ಲೀಟರ್ ಅಳತೆ. ಅದನ್ನು ಹೊತ್ತು ಮನೆಗೆ ತಂದಳು. ಮಧ್ಯಾಹ್ನ ಬೋವಜ ಕೊಟ್ಟ ಹುರಿಗಾಳನ್ನು ಹೊಟ್ಟೆ ತುಂಬ ತಿಂದು ಉಳಿಸಿದ್ದಳಲ್ಲ, ಅದನ್ನೂ ತೆಗೆದು ಅತ್ತೆಯ ಮುಂದಿಟ್ಟಳು. ಊರಿಗೆ ಬಂದ ಮೇಲೆ ನೊವೊಮಿಯ ಬಾಯಲ್ಲಿ ದೇವರ ಬಗ್ಗೆ ಮೊದಲ ಒಳ್ಳೆಯ ಮಾತು ಬರುವುದು ಅಲ್ಲಿ, ಆ ಕಾಳನ್ನು ಕಂಡು, ಹೊಲ ಯಾರದೆಂದು ಕೇಳಿದ ಮೇಲೆ. ದೇವರು ಕರುಣೆ ಬಿಟ್ಟಿಲ್ಲವೆಂದು ಅವಳಿಗೆ ಯಾರೂ ಉಪದೇಶ ಮಾಡಲಿಲ್ಲ.

ಅಷ್ಟು ಗುಜುಗುಜು ಎಂದ ಊರಿನ ಹೆಂಗಸರು ಅಷ್ಟರವರೆಗೆ ಏನು ಮಾಡುತ್ತಿದ್ದರು? ಒಬ್ಬರಾದರೂ ಒಂದು ಸೇರು ಹಿಟ್ಟು ತಂದುಕೊಟ್ಟರೆಂದು ಪುಸ್ತಕದಲ್ಲಿ ಇಲ್ಲ. ಕೊನೆಯ ಅಧ್ಯಾಯದಲ್ಲಿ ರೂತಳು ಬೋವಜನನ್ನು ಮದುವೆಯಾಗಿ ಮಗು ಓಬೇದ ಹುಟ್ಟಿದಾಗ ಅವರು ಮತ್ತೆ ಬರುತ್ತಾರೆ, ಈ ಸೊಸೆ ಏಳು ಗಂಡುಮಕ್ಕಳಿಗಿಂತ ಹೆಚ್ಚು ಎಂದು ಹೊಗಳುತ್ತಾರೆ. ಸರಿಯಾದ ಮಾತು, ಆದರೆ ಸುಗ್ಗಿಯೆಲ್ಲ ಕಳೆದ ಮೇಲೆ ಬಂದ ಮಾತು. ನಮ್ಮ ಸಭೆಗಳು ಆ ಹೆಂಗಸರ ಸಾಲಿನಲ್ಲಿವೆ: ಊರು ಸೇರಿದ ದಿನ ಇರುತ್ತೇವೆ, ನಾಮಕರಣದ ದಿನ ಇರುತ್ತೇವೆ, ನಡುವಿನ ಸುಗ್ಗಿಯಲ್ಲಿ ಇರುವುದಿಲ್ಲ.

ಯೆರೂಸಲೇಮಿನ ಮೊದಲ ಸಭೆಯಲ್ಲೂ ಇದೇ ಗಲಾಟೆಯಾಯಿತು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದಿನದ ಊಟ ಹಂಚುವಲ್ಲಿ ಅಲಕ್ಷ್ಯವಾಗುತ್ತಿದೆಯೆಂಬ ದೂರು ಎದ್ದಿತು. ಅಪೊಸ್ತಲರು ದೂರಿದವರಿಗೆ ತಾಳ್ಮೆಯ ಪಾಠ ಹೇಳಲಿಲ್ಲ. ಏಳು ಜನರನ್ನು ಆರಿಸಲು ಸಭೆಗೆ ಹೇಳಿ, ಆರಿಸಿದವರನ್ನು ಆ ಕೆಲಸಕ್ಕೇ ಹಚ್ಚಿದರು, ಅವರಲ್ಲಿ ಮೊದಲ ಹೆಸರು ಸ್ತೆಫನನದು. ನಮ್ಮ ಸಭಾ ಸಮಿತಿಯ ಚುನಾವಣೆಯಲ್ಲಿ ಬಣ, ಗುಂಪು, ಕರಪತ್ರ ಎಲ್ಲ ನಡೆಯುತ್ತದೆ. ಗೆದ್ದವರಲ್ಲಿ ಒಬ್ಬರಿಗಾದರೂ ವಿಧವೆಯರ ಮನೆ ನೋಡುವ ಕೆಲಸ ಕೊಟ್ಟಿದ್ದೇವೆಯೆ?

ಆದ್ದರಿಂದ ಹಿರಿಯರೇ, ಈ ಭಾನುವಾರ ಆರಾಧನೆ ಮುಗಿದ ಮೇಲೆ ಸಮಾಧಿ ರಿಜಿಸ್ಟರು ತೆಗೆಯಿರಿ. ಕಳೆದ ಎರಡು ವರ್ಷದಲ್ಲಿ ಸಾವು ಕಂಡ ಮನೆಗಳ ಪಟ್ಟಿ ಮಾಡಿ, ಅಲ್ಲಿಗೆ ಹೋಗಿ. ವಚನ ಹೇಳುವ ಅವಸರ ಬೇಡ, ಕೂತುಕೊಳ್ಳಿ. ವಿಧವಾ ವೇತನದ ಅರ್ಜಿ ಹಾಕಿಲ್ಲದಿದ್ದರೆ, ವಂಶವೃಕ್ಷದ ಕಾಗದ ಸಿಗದೆ ಬ್ಯಾಂಕಿನ ಹಣ ನಿಂತಿದ್ದರೆ, ಸೋಮವಾರ ನಾಡಕಚೇರಿಗೆ ಅವಳ ಜೊತೆಯಲ್ಲಿ ಹೋಗಿ ಸಾಲಿನಲ್ಲಿ ನಿಲ್ಲಿ. ಸೊಸೆಯನ್ನು ತವರಿಗೆ ಕಳಿಸಿದ ಮನೆಯವರೇ, ಅವಳ ಪಾಲನ್ನು ಅವಳ ಹೆಸರಿಗೆ ಬರೆದುಕೊಡಿ, ಕಾಲ್ಗುಣದ ಮಾತಿಗೆ ಅವಳ ಕ್ಷಮೆ ಕೇಳಿ. ಸತ್ತವರ ಹೆಸರಿನಲ್ಲಿ ಬದುಕಿರುವವರ ಮೇಲೆ ಹಗೆ ಹಿಡಿದವರೇ, ಮುಂದಿನ ಪ್ರಭುಭೋಜನಕ್ಕೆ ಮೊದಲು ತಮ್ಮನ ಮನೆಗೆ ಹೋಗಿ ಬನ್ನಿ. ಹೋಗಲಾರೆವೆಂದರೆ ಆ ಭಾನುವಾರ ಮೇಜಿನ ಬಳಿಗೆ ಬರಬೇಡಿ.