ಹಲ್ಲು ಬಿದ್ದ ಮೇಲೆ ಬರುವ ಸರ್ಕಾರ

ಬಡವರ ಹಲ್ಲಿನ ವಿಚಾರದಲ್ಲಿ ಕರ್ನಾಟಕ ಏನೂ ಮಾಡಿಲ್ಲ ಅನ್ನೋಕಾಗಲ್ಲ. ಸಿದ್ದರಾಮಯ್ಯ ಅವರ ಮೊದಲ ಅವಧಿಯಲ್ಲಿ ಶುರುವಾದ ‘ದಂತಭಾಗ್ಯ’ ಯೋಜನೆ ಬಿಪಿಎಲ್ ಕುಟುಂಬಗಳ ಹಿರಿಯರಿಗೆ ಉಚಿತ ಹಲ್ಲುಸೆಟ್ ಕೊಟ್ಟಿತು. ಒಳ್ಳೆಯ ಕೆಲಸವೇ. ಆದರೆ ನನ್ನ ಪ್ರಶ್ನೆ ಅದಕ್ಕೂ ಹಿಂದಿನದು: ಆ ಹಲ್ಲುಗಳು ಒಂದೊಂದಾಗಿ ಅಲುಗಾಡುತ್ತಿದ್ದಾಗ ಸರ್ಕಾರ ಎಲ್ಲಿತ್ತು?

ಹಲ್ಲು ಒಂದೇ ದಿನಕ್ಕೆ ಬೀಳಲ್ಲ. ಎಷ್ಟೋ ಜನರಲ್ಲಿ ಮೊದಲು ವಸಡು ಹಿಂದೆ ಸರಿಯುತ್ತೆ. ಪಾಚಿ ಗಟ್ಟಿಯಾಗಿ ವಸಡು ಊದಿಕೊಳ್ಳೋದು, ಹೊಗೆಸೊಪ್ಪು ಇಟ್ಟುಕೊಳ್ಳುವ ಜಾಗ ಸವೆಯೋದು, ಬ್ರಷ್‌ನಿಂದ ಒತ್ತಿ ತಿಕ್ಕೋದು, ಎಲ್ಲವೂ ಕಾರಣ. ಬೇರು ಹೊರಗೆ ಕಾಣುತ್ತೆ, ತಣ್ಣೀರು ತಾಗಿದರೆ ಜುಮ್ ಅನ್ನುತ್ತೆ. ಹೀಗೆ ಸರಿದ ವಸಡು ತಾನಾಗಿ ಮತ್ತೆ ಬೆಳೆಯಲ್ಲ.

ಅದನ್ನು ಸರಿಪಡಿಸೋಕೆ ಇರೋದು ಗಮ್ ಗ್ರಾಫ್ಟಿಂಗ್, ಅಂದರೆ ವಸಡಿನ ಕಸಿ. ರೋಗಿಯ ಅಂಗುಳದಿಂದಲೇ ತೆಳುವಾದ ಅಂಗಾಂಶ ತೆಗೆದು, ಬೇರಿನ ಮೇಲಿಟ್ಟು, ವಸಡನ್ನು ಅದರ ಮೇಲೆ ಎಳೆದು ಹೊಲಿಗೆ ಹಾಕ್ತಾರೆ. ಅಂಗುಳ ಕೊಯ್ಯದೆ, ಸಣ್ಣ ರಂಧ್ರದ ಮೂಲಕ ಇರುವ ವಸಡನ್ನೇ ಸಡಿಲಿಸಿ ಎಳೆದು ಕೂರಿಸುವ ‘ಪಿನ್‌ಹೋಲ್’ ವಿಧಾನವೂ ಇದೆ. ಎಲ್ಲರಿಗೂ ಕಸಿ ಬೇಕಿಲ್ಲ, ಎಲ್ಲರಿಗೂ ಅದು ಫಲಿಸೋದೂ ಇಲ್ಲ. ಹಲ್ಲುಗಳ ನಡುವಿನ ಮೂಳೆ ಕರಗಿದ್ದರೆ ಬೇರು ಪೂರ್ತಿ ಮುಚ್ಚೋದು ಕಷ್ಟ. ಅದಕ್ಕೇ ಬೇಗ ಹೋಗಬೇಕು. ಬೇಗ ಹೋಗೋಕೆ ಕೈಯಲ್ಲಿ ದುಡ್ಡಿರಬೇಕು.

ಸಾಮಾನ್ಯವಾಗಿ ಇದು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕುರ್ಚಿಯಲ್ಲೇ ಮುಗಿಸಿ, ಅದೇ ದಿನ ಮನೆಗೆ ಕಳಿಸುವ ಚಿಕಿತ್ಸೆ. ತೊಡಕಿರೋದೂ ಅಲ್ಲೇ. ಆಯುಷ್ಮಾನ್ ಭಾರತ್ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತೆ, ಆದರೆ ಅದನ್ನು ರೂಪಿಸಿರೋದು ಆಸ್ಪತ್ರೆಯ ಹಾಸಿಗೆಯನ್ನು ಲೆಕ್ಕಕ್ಕಿಟ್ಟುಕೊಂಡು. ದವಡೆ ಮುರಿದು ಅಡ್ಮಿಟ್ ಆದವರಿಗೆ ಇರುವ ಆಸರೆ, ಹಲ್ಲು ಉಳಿಸಿಕೊಳ್ಳಲು ಕುರ್ಚಿಯಲ್ಲಿ ಕೂತವರಿಗಿಲ್ಲ.

ಇದು ಚಂದ ಕಾಣೋ ಶೋಕಿಯ ಮಾತಲ್ಲ. ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನರಿಗೆ ತೀವ್ರ ವಸಡಿನ ಕಾಯಿಲೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳುತ್ತೆ. 2016-17ರ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 21.4ರಷ್ಟು ಮಂದಿ ಹೊಗೆರಹಿತ ತಂಬಾಕು ಬಳಸ್ತಾರೆ. ಕರ್ನಾಟಕ 2013ರಲ್ಲೇ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಗೂಡಂಗಡಿಯಲ್ಲಿ ಈಗಲೂ ಸಿಗುತ್ತೆ. ತೆರಿಗೆ ಸರ್ಕಾರಕ್ಕೆ, ಬಿಲ್ಲು ಜನರಿಗೆ.

ಹಾಗಾದ್ರೆ ಏನು ಕೇಳಬೇಕು? ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಉಚಿತ ಸ್ಕೇಲಿಂಗ್ ಮತ್ತು ತಂಬಾಕು ಬಿಡಿಸುವ ನೆರವು ಒಟ್ಟಿಗೆ ಸಿಗಲಿ, ಯಾಕಂದ್ರೆ ತಂಬಾಕು ಬಿಡದ ಬಾಯಲ್ಲಿ ಕಸಿ ಸರಿಯಾಗಿ ಹಿಡಿಯೋದು ಕಷ್ಟ. ಕಸಿ ನಿಜಕ್ಕೂ ಬೇಕಾದವರನ್ನು ಬೆಂಗಳೂರು, ಬಳ್ಳಾರಿಯ ಸರ್ಕಾರಿ ದಂತ ಕಾಲೇಜುಗಳಿಗೆ ಕಳಿಸಲಿ, ಖರ್ಚನ್ನು ಯೋಜನೆಯೇ ಭರಿಸಲಿ. ಹಲ್ಲುಸೆಟ್‌ಗೆ ದುಡ್ಡು ಇಡಲು ಬಂದ ಸರ್ಕಾರಕ್ಕೆ ವಸಡಿಗೆ ಇಡೋದೂ ಬರುತ್ತೆ. ಮುಂದಿನ ಬಜೆಟ್‌ಗೆ ಮುಂಚೆ ನಿಮ್ಮ ಶಾಸಕರನ್ನು ಇದನ್ನೇ ಕೇಳಿ.