ಟಯರ್ ಅಗಲವಾದರೆ ಹಿಡಿತ ಹೆಚ್ಚುತ್ತದೆಯೇ?

2012ರಲ್ಲಿ ಟೊಯೋಟಾ 86 ಮಾರುಕಟ್ಟೆಗೆ ಬಂದಾಗ ಅದರ ಟಯರ್ ನೋಡಿ ಹುಬ್ಬೇರಿಸಿದವರು ಬಹಳ. ಸುಬಾರು ಜೊತೆಗೂಡಿ ಕಟ್ಟಿದ, ಹಿಂಚಕ್ರಗಳೇ ತಳ್ಳುವ, 200 ಅಶ್ವಶಕ್ತಿಯ ಸ್ಪೋರ್ಟ್ಸ್ ಕಾರು ಅದು. ಅದರ ಕಾಲಿಗೆ ಹಾಕಿದ್ದು ಮಾತ್ರ ಬರೀ 215 ಮಿಲಿಮೀಟರ್ ಅಗಲದ ಮಿಶೆಲಿನ್ ಪ್ರೈಮಸಿ ಎಚ್‌ಪಿ. ಪೆಟ್ರೋಲ್ ಉಳಿತಾಯಕ್ಕೇ ಹೆಸರಾದ ಪ್ರಿಯಸ್ ಹೈಬ್ರಿಡ್‌ಗೂ ಇದೇ ಟಯರ್ ಬರುತ್ತಿತ್ತು. ಕಂಪನಿಯ ಜಿಪುಣತನ ಎಂದು ಕೆಲವರು ಆಡಿಕೊಂಡರು. ಹಾಗಲ್ಲ. ಮುಖ್ಯ ಎಂಜಿನಿಯರ್ ತೆತ್ಸುಯಾ ತಾದಾ ಅವರ ತಂಡ ಬೇಕೆಂದೇ ಹಿಡಿತಕ್ಕೆ ಒಂದು ಮಿತಿ ಇಟ್ಟಿತ್ತು. ಅತಿವೇಗಕ್ಕೆ ಹೋಗದೆಯೇ ಕಾರು ತಿರುವಿನಲ್ಲಿ ತುಸು ಜಾರಲಿ, ಜಾರುವ ಮುನ್ನ ಸ್ಟಿಯರಿಂಗ್ ಮೂಲಕ ಚಾಲಕನಿಗೆ ಸುಳಿವು ಸಿಗಲಿ ಎಂಬುದು ಅವರ ಎಣಿಕೆ.

ಆದರೂ ಈ ಕಾರು ಕೊಂಡವರಲ್ಲಿ ಮಾರ್ಪಾಡಿನ ಹುಚ್ಚಿರುವವರು ಮೊದಲು ಕೈ ಹಾಕುವುದು ಚಕ್ರ, ಟಯರುಗಳಿಗೇ. 225 ಹಾಕಿದವನಿಗೆ 245ರ ಆಸೆ, 245ರವನಿಗೆ 255ರದ್ದು. ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಎಷ್ಟು ಅಗಲದ್ದು ಹಿಡಿಸುತ್ತದೆ? ನನ್ನ ಪ್ರಕಾರ ಇದು ನಾಲ್ಕನೆಯದಾಗಿ ಕೇಳಬೇಕಾದ ಪ್ರಶ್ನೆ.

ಟಯರ್ ನೆಲ ಮುಟ್ಟುವ ಜಾಗದಿಂದ ಶುರು ಮಾಡೋಣ. ಕಾರಿನ ತೂಕ ಸುಮಾರು 1,240 ಕಿಲೋ. ನಾಲ್ಕು ಚಕ್ರಗಳಿಗೆ ಸಮನಾಗಿ ಹಂಚಿದರೆ ಒಂದೊಂದರ ಪಾಲಿಗೆ 310 ಕಿಲೋ. ಗಾಳಿ 35 ಪಿಎಸ್‌ಐ ಇದ್ದರೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಎರಡೂವರೆ ಕಿಲೋ ಒತ್ತಡ. ಭಾಗಿಸಿ ನೋಡಿ: ಸುಮಾರು 125 ಚದರ ಸೆಂಟಿಮೀಟರ್, ದೊಡ್ಡವರ ಒಂದು ಅಂಗೈಯಷ್ಟು ಜಾಗ. ಟಯರಿನ ಬದಿಗಳೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜಿನ ಲೆಕ್ಕ. ಆದರೆ ಸೂತ್ರ ನೋಡಿದಿರಲ್ಲ, ಅದರಲ್ಲಿ ಟಯರಿನ ಅಗಲ ಎಲ್ಲೂ ಬರಲಿಲ್ಲ. ಅದೇ ಕಾರು, ಅದೇ ಗಾಳಿ ಇರುವಾಗ 215ರ ಬದಲು 245 ಹಾಕಿದರೆ ಆ ಜಾಗದ ವಿಸ್ತೀರ್ಣ ಹೆಚ್ಚೇನೂ ಬದಲಾಗುವುದಿಲ್ಲ, ಆಕಾರ ಬದಲಾಗುತ್ತದೆ. ನೆಲ ಮುಟ್ಟುವ ಪಟ್ಟಿ 19 ಸೆಂಟಿಮೀಟರ್ ಅಗಲವಿದ್ದಾಗ ಉದ್ದ ಆರೂವರೆಯಷ್ಟಿತ್ತು ಅಂದುಕೊಳ್ಳಿ. ಅಗಲ 22ಕ್ಕೆ ಏರಿದರೆ ಉದ್ದ ಐದೂಮುಕ್ಕಾಲಿಗೆ ಇಳಿಯುತ್ತದೆ.

ಹಾಗಾದರೆ ರೇಸಿನವರೆಲ್ಲ ಅಗಲ ಟಯರಿಗೆ ಯಾಕೆ ಸಾಯುತ್ತಾರೆ? ಮುಖ್ಯ ಕಾರಣ ಬಿಸಿ. ಟ್ರ್ಯಾಕ್‌ನಲ್ಲಿ ಬಿಡದೆ ಸುತ್ತು ಹೊಡೆಯುವಾಗ ಟಯರಿನ ರಬ್ಬರ್ ಕಾಯುತ್ತಲೇ ಹೋಗುತ್ತದೆ, ಒಂದು ಹದ ಮೀರಿದ ಮೇಲೆ ಜಿಡ್ಡು ಸವರಿದಂತೆ ಜಾರತೊಡಗುತ್ತದೆ. ಅಗಲ ಟಯರಿನಲ್ಲಿ ರಬ್ಬರ್ ಹೆಚ್ಚು, ಬಿಸಿ ಹಂಚಿಹೋಗುತ್ತದೆ, ಸವೆತವೂ ನಿಧಾನ. ಜೊತೆಗೆ, ತಕ್ಕಷ್ಟು ಅಗಲದ ರಿಮ್ ಮೇಲೆ ಕೂತ ಟಯರ್ ತಿರುವಿನಲ್ಲಿ ಪಕ್ಕಕ್ಕೆ ಕಡಿಮೆ ವಾಲುತ್ತದೆ. ಗಾಳಿಯನ್ನು ತುಸು ಇಳಿಸಿದರೂ ಬದಿ ಕುಸಿಯುವುದಿಲ್ಲ; ಆಗ ನೆಲ ಮುಟ್ಟುವ ಜಾಗ ನಿಜಕ್ಕೂ ಹಿಗ್ಗುತ್ತದೆ, ಚದರ ಸೆಂಟಿಮೀಟರಿನ ಮೇಲಿನ ಹೊರೆ ಇಳಿಯುತ್ತದೆ. ಹೊರೆ ಇಳಿದಷ್ಟೂ ರಬ್ಬರ್ ಚೆನ್ನಾಗಿ ಕಚ್ಚಿ ಹಿಡಿಯುತ್ತದೆ. ಈ ಲಾಭವೆಲ್ಲ ಟಯರನ್ನು ದುಡಿಸಿಕೊಳ್ಳುವವರಿಗೆ. ಬೆಳಿಗ್ಗೆ ಆಫೀಸಿಗೆ ಹೋಗಿ ಸಂಜೆ ಮನೆಗೆ ಬರುವ ಕಾರಿನಲ್ಲಿ ಅಗಲ ಟಯರ್ ಹದಕ್ಕೆ ಬಿಸಿಯೇ ಆಗುವುದಿಲ್ಲ.

ಆದ್ದರಿಂದ ಮೊದಲ ಪ್ರಶ್ನೆ, ಕಾರು ಯಾತಕ್ಕೆ? ಎರಡನೆಯದು, ಯಾವ ರಬ್ಬರ್? ಅಗಲ ಮುಟ್ಟದೆ, ಅದೇ 215ರ ಅಳತೆಯಲ್ಲಿ ಒಳ್ಳೆಯ ಬೇಸಿಗೆ ಟಯರ್ ಹಾಕಿದರೇ ಈ ಕಾರು ಬೇರೆಯಾಗುತ್ತದೆ. ಅಮೆರಿಕದಲ್ಲಿ ಮಾರುವ ಟಯರಿನ ಬದಿಯಲ್ಲಿ ಟ್ರೆಡ್‌ವೇರ್ ಎಂದು ಒಂದು ಅಂಕಿ ಇರುತ್ತದೆ. ಅದು ಕಡಿಮೆ ಇದ್ದಷ್ಟೂ ರಬ್ಬರ್ ಸಾಮಾನ್ಯವಾಗಿ ಮೆತ್ತಗೆ, ಹಿಡಿತ ಹೆಚ್ಚು, ಆಯುಸ್ಸು ಕಡಿಮೆ. ಅಲ್ಲಿನ ಎಸ್‌ಸಿಸಿಎ ಆಟೋಕ್ರಾಸ್ ಸ್ಪರ್ಧೆಯ ಸ್ಟ್ರೀಟ್ ವರ್ಗದಲ್ಲಿ ಈ ಅಂಕಿ 200ಕ್ಕಿಂತ ಕೆಳಗಿರಬಾರದೆಂಬ ನಿಯಮವೇ ಇದೆ. ಆದರೆ ಅಂಕಿ ಕೊಡುವವರು ಟಯರ್ ತಯಾರಕರೇ. ಒಂದು ಕಂಪನಿಯ 200ನ್ನು ಇನ್ನೊಂದರ 200ರ ಜೊತೆ ತೂಗಿ ನೋಡುವುದು ಅಷ್ಟು ಸರಿಯಲ್ಲ.

ಇವೆರಡೂ ತೀರ್ಮಾನವಾಗಿ, ಇನ್ನೂ ಅಗಲ ಬೇಕೆನಿಸಿದರೆ ಮೂರನೆಯ ಪ್ರಶ್ನೆ: ಚಕ್ರ ಎಲ್ಲಿ ಕೂರುತ್ತದೆ? ಇಲ್ಲಿ ಸ್ವಲ್ಪ ಲೆಕ್ಕ ಹಾಕಲೇಬೇಕು. ಕಾರಿನ ಜೊತೆ ಬಂದ ಟಯರ್ 215/45 ಆರ್17. ಅಗಲ 215 ಮಿಲಿಮೀಟರ್, ಬದಿಯ ಎತ್ತರ ಅದರ ಶೇಕಡಾ 45, ರಿಮ್ ವ್ಯಾಸ 17 ಇಂಚು. ಒಟ್ಟು ವ್ಯಾಸ ಸುಮಾರು 625 ಮಿಲಿಮೀಟರ್. 245/40 ಆರ್17 ಹಾಕಿದರೆ 628, ಅಂದರೆ ಸ್ಪೀಡೋಮೀಟರಿಗೂ ಗೇರಿಗೂ ವ್ಯತ್ಯಾಸವೇ ಗೊತ್ತಾಗದಷ್ಟು. 18 ಇಂಚಿನ 255/35ಕ್ಕೆ ಹೋದರೆ 636. ಗೇರು ತುಸು ಉದ್ದವಾಯಿತು, ಶಕ್ತಿ ಕಡಿಮೆಯ ಕಾರಿಗೆ ಅದೇನೂ ಉಪಕಾರವಲ್ಲ.

ಮೂಲ ರಿಮ್ 7 ಇಂಚು ಅಗಲ, ಆಫ್‌ಸೆಟ್ ಪ್ಲಸ್ 48. ರಿಮ್‌ನ ನಡುಗೆರೆಯಿಂದ ಹಬ್‌ಗೆ ಒತ್ತಿ ಕೂರುವ ಮುಖ ಎಷ್ಟು ದೂರ ಎಂಬುದೇ ಆಫ್‌ಸೆಟ್. ಪ್ಲಸ್ ಎಂದರೆ ಆ ಮುಖ ರಸ್ತೆಯ ಕಡೆಗೆ ಸರಿದಿದೆ. ಅಂಕಿ ದೊಡ್ಡದಾದಷ್ಟೂ ಚಕ್ರ ಕಾರಿನ ಒಳಕ್ಕೆ ಹೋಗುತ್ತದೆ. 7 ಇಂಚಿನದು ತೆಗೆದು 9 ಇಂಚಿನ ರಿಮ್ ಹಾಕುತ್ತೇವೆ, ಆಫ್‌ಸೆಟ್ 48 ಹಾಗೇ ಇದೆ ಅಂದುಕೊಳ್ಳಿ. ಎರಡು ಇಂಚು ಹೆಚ್ಚಿದ್ದರಲ್ಲಿ ಒಂದು ಇಂಚು, 25 ಮಿಲಿಮೀಟರ್, ಒಳಗೆ, ಇನ್ನೊಂದು ಹೊರಗೆ. ಒಳಗಡೆ ಸಸ್ಪೆನ್ಶನ್ ಕಂಬ ಕಾದು ಕೂತಿದೆ. ಅದಕ್ಕೇ ಪ್ಲಸ್ 42ರ ಆಸುಪಾಸಿನ ರಿಮ್ ಹುಡುಕುತ್ತಾರೆ. ಆಗ ಒಳಕ್ಕೆ ಹೋಗುವುದು 19 ಮಿಲಿಮೀಟರ್, ಹೊರಕ್ಕೆ ಬರುವುದು 31. ಒಳಗಿನ ಗಂಡಾಂತರ ತಪ್ಪಿತು, ಜಗಳ ಮಡ್‌ಗಾರ್ಡ್ ಕಡೆಗೆ ತಿರುಗಿತು.

245/40ರ ಟಯರನ್ನು 8ರಿಂದ 9.5 ಇಂಚಿನ ರಿಮ್ ಮೇಲೆ ಕೂರಿಸಬಹುದು. ಹಳೆಯ 7 ಇಂಚಿನ ರಿಮ್‌ಗೇ ತುರುಕಿದರೆ ಬದಿ ಉಬ್ಬಿಕೊಂಡು ಟಯರ್ ಓಲಾಡುತ್ತದೆ. ದುಡ್ಡು ಖರ್ಚಾಗಿ ಹಿಡಿತ ಹೆಚ್ಚದ ಸ್ಥಿತಿ. ಕಿರಿದಾದ ಟಯರನ್ನು ಅಗಲ ರಿಮ್‌ಗೆ ಎಳೆದು ಕೂರಿಸುವ ಫ್ಯಾಷನ್ ಒಂದಿದೆಯಲ್ಲ, ಅದು ಇನ್ನೂ ಅಪಾಯ. ಗುಂಡಿಗೆ ಬಿದ್ದಾಗ ರಿಮ್ ಅಂಚೇ ನೆಲಕ್ಕೆ ಬಡಿಯುತ್ತದೆ. ಫೋಟೋಗೆ ಚೆನ್ನಾಗಿರುತ್ತದೆ ಎಂಬುದು ಬಿಟ್ಟರೆ ಅದರ ಪರವಾಗಿ ಹೇಳಲು ನನಗೆ ಏನೂ ತೋಚುವುದಿಲ್ಲ.

ಮಡ್‌ಗಾರ್ಡ್ ಜಗಳ ಬಿಡಿಸಲು ಕ್ಯಾಂಬರ್ ನೆರವಿಗೆ ಬರುತ್ತದೆ. ಚಕ್ರದ ಮೇಲ್ಭಾಗವನ್ನು ತುಸು ಒಳಕ್ಕೆ ವಾಲಿಸಿದರೆ ಟಯರ್ ಮಡ್‌ಗಾರ್ಡ್ ಅಂಚಿನಿಂದ ದೂರ ಸರಿಯುತ್ತದೆ, ತಿರುವಿನಲ್ಲಿ ಹಿಡಿತವೂ ಹೆಚ್ಚು. ಆದರೆ ವಾಲಿಸುವುದು ಎಲ್ಲಿಂದ ಎಂಬುದರಲ್ಲಿ ಗುಟ್ಟಿದೆ. ಈ ಕಾರಿನ ಮುಂಭಾಗ ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಟ್ರಟ್‌ನ ಬುಡದಲ್ಲಿ ಕ್ಯಾಂಬರ್ ಬೋಲ್ಟ್ ಹಾಕಿ ವಾಲಿಸಿದರೆ ಚಕ್ರ ಮಾತ್ರ ವಾಲಿ ಸ್ಟ್ರಟ್‌ಗೆ ಹತ್ತಿರವಾಗುತ್ತದೆ. ಒಳಗೆ ಉಳಿಸಿಕೊಂಡಿದ್ದ ಮಿಲಿಮೀಟರುಗಳು ಅಲ್ಲೇ ಖರ್ಚು. ಮೇಲೆ, ಬಾನೆಟ್ ತೆಗೆದರೆ ಕಾಣುವ ತುದಿಯಲ್ಲಿ ಕ್ಯಾಂಬರ್ ಪ್ಲೇಟ್ ಹಾಕಿದರೆ ಸ್ಟ್ರಟ್ಟೂ ಚಕ್ರವೂ ಒಟ್ಟಿಗೇ ವಾಲುತ್ತವೆ, ನಡುವಿನ ಸಂದು ಹಾಗೇ ಉಳಿಯುತ್ತದೆ. ಅಗಲ ಟಯರಿಗೆ ದಾರಿ ಮಾಡಿಕೊಡುವುದು ಎರಡನೆಯದು.

ಹಿಡಿಸಿತೋ ಇಲ್ಲವೋ ಎಂದು ಸಮತಟ್ಟಾದ ನೆಲದ ಮೇಲೆ ನಿಂತ ಕಾರನ್ನು ನೋಡಿ ಹೇಳಲಾಗದು. ತಿಳಿದ ಮೆಕ್ಯಾನಿಕ್‌ಗಳು ಸ್ಪ್ರಿಂಗ್ ಬಿಚ್ಚಿಟ್ಟು, ಚಕ್ರ ಹಾಕಿ, ಜ್ಯಾಕ್‌ನಿಂದ ಸಸ್ಪೆನ್ಶನ್ ಪೂರ್ತಿ ಮೇಲೇರಿಸಿ, ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡುತ್ತಾರೆ. ಹತ್ತಿರ ಬರುವ ಕಡೆಯೆಲ್ಲ ಮೆತ್ತನೆ ಜೇಡಿ ಅಂಟಿಸಿದರೆ ಎಷ್ಟು ಅಂತರ ಉಳಿಯಿತೆಂದು ಅದು ಅಪ್ಪಚ್ಚಿಯಾದ ಅಳತೆಯೇ ಹೇಳುತ್ತದೆ. ಟಯರಿನ ಬದಿಯ ಮೇಲೆ ಬರೆದ 245 ಎಲ್ಲ ಕಂಪನಿಗಳಲ್ಲೂ ಒಂದೇ ಅಲ್ಲ. ರಿಮ್ ಅರ್ಧ ಇಂಚು ಅಗಲವಾದರೆ ಟಯರಿನ ಹೊಟ್ಟೆಯೂ ಸುಮಾರು 5 ಮಿಲಿಮೀಟರ್ ಹಿಗ್ಗುತ್ತದೆ. ಹೀಗಾಗಿ ಬೇರೊಬ್ಬನ ಕಾರಿಗೆ ಹಿಡಿಸಿದ್ದು ನಿಮ್ಮದಕ್ಕೂ ಹಿಡಿಸುತ್ತದೆಂಬ ಭರವಸೆ ಇಲ್ಲ.

ಬೋಲ್ಟ್ ವೃತ್ತ 5×100, ನಡುವಿನ ರಂಧ್ರ 56.1 ಮಿಲಿಮೀಟರ್, ನಟ್‌ನ ಮರೆ 12×1.25: ಇವು ಹೊಂದಲೇಬೇಕು, ಚರ್ಚೆಯಿಲ್ಲ. ರಂಧ್ರ ದೊಡ್ಡದಿದ್ದರೆ ಹಬ್ ರಿಂಗ್ ಹಾಕಿಕೊಳ್ಳಿ. ಭಾರ ಹೊರುವ ಸೂಚ್ಯಂಕ ಮೂಲ ಟಯರಿನದಕ್ಕಿಂತ ಕಡಿಮೆ ಇರದಂತೆ ನೋಡಿಕೊಳ್ಳಿ.

ಹಿಂದೆ ಮಾತ್ರ ಅಗಲ ಟಯರ್ ಹಾಕುವ ಆಸೆ ಹಲವರಿಗೆ. ಭಾರಿ ಎಂಜಿನ್‌ನ ಕಾರಿಗೆ ಅದು ಸರಿ ಇರಬಹುದು. ನಾಲ್ಕಕ್ಕೂ ಒಂದೇ ಅಳತೆ ಇಟ್ಟು ತೂಗಿಸಿದ ಈ ಕಾರಿನಲ್ಲಿ ಹಾಗೆ ಮಾಡಿದರೆ ಮುಂಭಾಗ ತಿರುವಿನಿಂದ ಹೊರಕ್ಕೆ ಎಳೆಯತೊಡಗುತ್ತದೆ. ಟಯರುಗಳನ್ನು ಹಿಂದುಮುಂದು ಬದಲಿಸಿ ಸಮನಾಗಿ ಸವೆಸುವ ಅನುಕೂಲವೂ ಹೋಯಿತು.

ಅಗಲಕ್ಕೆ ತೆರಬೇಕಾದ ಬೆಲೆ ಇನ್ನೂ ಇದೆ. ಚಕ್ರದ ತೂಕ ಏರಿದರೆ 200 ಅಶ್ವಶಕ್ತಿಯ ಕಾರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಮಳೆನೀರು ನಿಂತ ರಸ್ತೆಯಲ್ಲಿ ಅಗಲ ಟಯರ್ ಬೇಗ ನೀರಿನ ಮೇಲೆ ತೇಲುತ್ತದೆ. ಲಾರಿಗಳು ತುಳಿದು ಹಳ್ಳವಾದ ಹೆದ್ದಾರಿಯಲ್ಲಿ ಸ್ಟಿಯರಿಂಗ್ ತಾನಾಗಿ ಅತ್ತಿತ್ತ ಎಳೆಯುತ್ತದೆ. ಎರಡನೇ ಪೀಳಿಗೆಯ ಜಿಆರ್86ಕ್ಕೆ 2.4 ಲೀಟರಿನ ದೊಡ್ಡ ಎಂಜಿನ್ ಕೊಟ್ಟ ಟೊಯೋಟಾ, ಟಯರಿನ ಅಗಲವನ್ನು 215ರಲ್ಲೇ ನಿಲ್ಲಿಸಿತು. 18 ಇಂಚಿನ ಮಾದರಿಗೆ ಉತ್ತಮ ರಬ್ಬರಿನ ಪೈಲಟ್ ಸ್ಪೋರ್ಟ್ 4 ಹಾಕಿತು. ರಸ್ತೆಗಾದರೆ ಹಗುರವಾದ 17 ಇಂಚಿನ ರಿಮ್, 225ರ ಟಯರ್ ಸಾಕು. ಟ್ರ್ಯಾಕ್‌ಗೆ ನಿಜವಾಗಿ ಹೋಗುವವರಿಗೆ 245. ಅದರಾಚೆ ಹೋಗುವವರು ಎಂಜಿನ್‌ಗೂ ಖರ್ಚು ಮಾಡಲು ಸಿದ್ಧರಿರಬೇಕು.

ಇದನ್ನೆಲ್ಲ ಜಪಾನ್, ಅಮೆರಿಕ, ಯುರೋಪಿನ ರಸ್ತೆ ನೆನೆದು ಬರೆದದ್ದು. ಈ ಕಾರನ್ನು ಭಾರತದಲ್ಲಿ ಕಂಪನಿ ಮಾರಿಲ್ಲ. ನಮ್ಮಲ್ಲಿ ಬೇರೆ ಕಾರಿಗೆ ಇದೇ ಲೆಕ್ಕ ಹಾಕುವವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೆನಪಿಡಬೇಕು. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಜರ್ಮನಿಯಲ್ಲಿರುವ ನಮ್ಮವರಾದರೆ ಕೊಳ್ಳುವ ಮೊದಲೇ ಆ ರಿಮ್‌ಗೆ ಅಲ್ಲಿನ ಮಂಜೂರಾತಿ ಪತ್ರ ಇದೆಯೇ ಎಂದು ಕೇಳಿಕೊಳ್ಳುವುದು ಲೇಸು.

ಚಕ್ರ ಹಾಕಿಸಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ ಮತ್ತೆ ಪರೀಕ್ಷಿಸಿ. ಈ ಕಾರಿಗೆ 120 ನ್ಯೂಟನ್ ಮೀಟರ್. ಜೊತೆಗೆ ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಟಾರ್ಚ್ ಬಿಟ್ಟು ನೋಡಿ. ಹೊಳೆಯುವಂತೆ ಉಜ್ಜಿದ ಗೆರೆ ಕಂಡರೆ ಟಯರ್ ತಾಗುತ್ತಿದೆ ಎಂದರ್ಥ, ಟ್ರ್ಯಾಕ್‌ಗೆ ಹೋಗುವ ಮುನ್ನ ಅದನ್ನು ಸರಿಪಡಿಸಿಕೊಳ್ಳಿ.